ಒಂದೇ ಶೋಧ, ಐದಾರು ಲಿಂಕು: ವಿಜ್ಞಾನ ಸುದ್ದಿ ಹಂಚುವಾಗ ಯಾವುದನ್ನು ಆರಿಸಬೇಕು?

2025ರ ಏಪ್ರಿಲ್‌ನಲ್ಲಿ ಕೆ2-18ಬಿ ಎಂಬ ಗ್ರಹದ ಸುದ್ದಿ ಎಲ್ಲ ಕಡೆ ಹರಿದಾಡಿತು. ಸುಮಾರು 124 ಜ್ಯೋತಿರ್ವರ್ಷ ದೂರದ ಆ ಗ್ರಹದ ವಾತಾವರಣದಲ್ಲಿ ಡೈಮೀಥೈಲ್ ಸಲ್ಫೈಡ್ ಅಥವಾ ಅದನ್ನೇ ಹೋಲುವ ಇನ್ನೊಂದು ಅಣುವಿನ ಸುಳಿವು ಜೇಮ್ಸ್ ವೆಬ್ ದೂರದರ್ಶಕಕ್ಕೆ ಸಿಕ್ಕಿದೆ ಎಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ತಂಡ ಹೇಳಿತ್ತು. ನಮ್ಮ ಭೂಮಿಯಲ್ಲಿ ಈ ಅಣುವನ್ನು ಮುಖ್ಯವಾಗಿ ತಯಾರಿಸುವುದು ಸಮುದ್ರದ ಸೂಕ್ಷ್ಮಜೀವಿಗಳು. ಹಾಗಾಗಿ ಗುಲ್ಲೆದ್ದದ್ದು ಸಹಜವೇ.

ಆ ವಾರ ಈ ಸುದ್ದಿಯನ್ನು ನಾಲ್ಕು ಜನರಿಗೆ ತಲುಪಿಸಬೇಕು ಅಂದುಕೊಂಡವರ ಮುಂದೆ ಹಲವು ದಾರಿಗಳಿದ್ದವು. ಮೂಲ ಸಂಶೋಧನಾ ಪ್ರಬಂಧ ಇತ್ತು. ವಿಶ್ವವಿದ್ಯಾಲಯದ ಪತ್ರಿಕಾ ಪ್ರಕಟಣೆ ಇತ್ತು. ಪತ್ರಿಕೆಗಳ ವರದಿಗಳಿದ್ದವು, ವಿಡಿಯೊಗಳಿದ್ದವು. ಜೊತೆಗೆ ಕಲಾವಿದರು ಕಲ್ಪಿಸಿ ಬಿಡಿಸಿದ ಗ್ರಹದ ಚಿತ್ರ. ಎಲ್ಲವೂ ಒಂದೇ ಶೋಧದ ಬಗ್ಗೆ ಇದ್ದರೂ ಯಾವ ಲಿಂಕ್ ಹಾಕಿದರೋ ಅದಕ್ಕೆ ತಕ್ಕ ಮಾತುಕತೆ ಅದರ ಕೆಳಗೆ ಬೆಳೆಯಿತು. ಚಿತ್ರ ಹಾಕಿದಲ್ಲಿ ‘ಅಲ್ಲಿ ಕಡಲು ಇದೆಯಂತೆ’ ಎಂಬ ಮಾತು, ತಲೆಬರಹದ ಸ್ಕ್ರೀನ್‌ಶಾಟ್ ಹಾಕಿದಲ್ಲಿ ‘ಜೀವಿಗಳು ಸಿಕ್ಕವಂತೆ’ ಎಂಬ ಉದ್ಗಾರ. ಪ್ರಬಂಧವನ್ನೋ ಅದನ್ನು ಓದಿ ಬರೆದ ಒಳ್ಳೆಯ ವರದಿಯನ್ನೋ ಹಾಕಿದಲ್ಲಿ ಮಾತ್ರ ‘3 ಸಿಗ್ಮಾ ಸಾಕೇ?’ ಎಂಬ ಪ್ರಶ್ನೆ ಎದ್ದಿತು.

ಆ ಪ್ರಶ್ನೆ ಯಾಕೆ ಮುಖ್ಯ? ತಂಡಕ್ಕೆ ಸಿಕ್ಕ ಸುಳಿವು 3 ಸಿಗ್ಮಾ ಮಟ್ಟದ್ದು. ಅಂದರೆ, ಅಂಥ ಅಣು ಅಲ್ಲಿ ಇಲ್ಲವೇ ಇಲ್ಲ ಎಂದುಕೊಂಡರೂ ಬರೀ ಅಳತೆಯ ಏರಿಳಿತದಿಂದ ಇಷ್ಟು ಬಲದ ಸಂಕೇತ ಕಾಣಿಸಿಕೊಳ್ಳುವ ಸಾಧ್ಯತೆ ಸುಮಾರು ಶೇ 0.3. ಇದನ್ನು ತಿರುಗಿಸಿ ‘ಜೀವ ಇರುವುದು ಶೇ 99.7 ಖಚಿತ’ ಎಂದು ಓದಿದವರು ಬಹಳ. ಅಣು ಇದೆಯೇ ಎಂಬುದು ಒಂದು ಪ್ರಶ್ನೆ, ಇದ್ದರೆ ಅದನ್ನು ಜೀವಿಯೇ ಮಾಡಿದ್ದೇ ಎಂಬುದು ಬೇರೆಯೇ ಪ್ರಶ್ನೆ. ಇದೇ ಅಣು ಧೂಮಕೇತುವೊಂದರಲ್ಲೂ ಸಿಕ್ಕಿದೆ, ಅಲ್ಲಿ ಯಾವ ಜೀವಿಯೂ ಇಲ್ಲ. ಭೌತವಿಜ್ಞಾನದಲ್ಲಿ ‘ಕಂಡುಹಿಡಿದೆವು’ ಎನ್ನಲು ಸಾಮಾನ್ಯವಾಗಿ ಕೇಳುವುದು 5 ಸಿಗ್ಮಾ. 2012ರ ಜುಲೈ 4ರಂದು ಹಿಗ್ಸ್ ಕಣದ ಘೋಷಣೆ ಆದದ್ದು ಆ ಮಟ್ಟ ಮುಟ್ಟಿದ ಮೇಲೆ. ಕೆ2-18ಬಿ ವಿಷಯದಲ್ಲಿ ಬೇರೆ ತಂಡಗಳು ಅದೇ ದತ್ತಾಂಶವನ್ನು ಮತ್ತೆ ವಿಶ್ಲೇಷಿಸಿ, ಸುಳಿವು ಅಷ್ಟು ಗಟ್ಟಿಯಿಲ್ಲ ಎಂದವು.

ಶೋಧವೊಂದು ಕಣ್ಣಿಗೆ ಬಿದ್ದಾಗ ಅದರ ಯಾವ ರೂಪವನ್ನು ಹಂಚಬೇಕು ಎಂಬ ನಿರ್ಧಾರವನ್ನು ನಾವು ಅರೆಕ್ಷಣದಲ್ಲಿ, ಮೊದಲು ಸಿಕ್ಕ ಲಿಂಕಿನ ಮೇಲೆ ಬೆರಳಿಟ್ಟು ಮುಗಿಸಿಬಿಡುತ್ತೇವೆ. ಆ ನಿರ್ಧಾರಕ್ಕೆ ಐದು ನಿಮಿಷ ಕೊಡಬೇಕು ಎನ್ನುವುದು ನನ್ನ ವಾದ. ಯಾವುದನ್ನು ಯಾವಾಗ ಆರಿಸಬಹುದು ಎಂದು ಒಂದೊಂದಾಗಿ ನೋಡೋಣ.

ಪತ್ರಿಕಾ ಪ್ರಕಟಣೆ: ಸುಲಭ, ಉಚಿತ, ಆದರೆ ಒಂದು ಕಡೆಯ ಮಾತು

ವಿಶ್ವವಿದ್ಯಾಲಯಗಳು, ಬಾಹ್ಯಾಕಾಶ ಸಂಸ್ಥೆಗಳು, ನಿಯತಕಾಲಿಕಗಳು ಹೊರಡಿಸುವ ಪ್ರಕಟಣೆಗಳು ಓದಲು ಸಲೀಸು. ಸರಳ ಭಾಷೆ, ಒಳ್ಳೆಯ ಚಿತ್ರ, ಸಂಶೋಧಕರ ಮಾತು ಎಲ್ಲ ಒಂದೇ ಕಡೆ. ಹಣ ಕೊಡಬೇಕಿಲ್ಲ. ಸಂಶೋಧಕರೇ ನೋಡಿ ಒಪ್ಪಿದ ಬರಹವಾದ್ದರಿಂದ ತಪ್ಪಿರಲಾರದು ಎಂಬ ನಂಬಿಕೆಯೂ ನಮಗಿರುತ್ತದೆ.

ಆ ನಂಬಿಕೆಯನ್ನು ಅಳೆದು ನೋಡಿದ ಅಧ್ಯಯನವೊಂದು 2014ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಬ್ರಿಟನ್ನಿನ 20 ಪ್ರಮುಖ ವಿಶ್ವವಿದ್ಯಾಲಯಗಳು 2011ರಲ್ಲಿ ಹೊರಡಿಸಿದ ಆರೋಗ್ಯ ಸಂಬಂಧಿ 462 ಪ್ರಕಟಣೆಗಳನ್ನು ಅವುಗಳ ಮೂಲ ಪ್ರಬಂಧಗಳ ಜೊತೆಗೂ, ಆಮೇಲೆ ಬಂದ ಸುದ್ದಿಗಳ ಜೊತೆಗೂ ಇಟ್ಟು ಅದು ಹೋಲಿಸಿತ್ತು. ಓದುಗರಿಗೆ ಪ್ರಬಂಧದಲ್ಲಿ ಇದ್ದದ್ದಕ್ಕಿಂತ ಬಲವಾದ ಸಲಹೆ ಕೊಟ್ಟಿದ್ದು ಶೇ 40ರಷ್ಟು ಪ್ರಕಟಣೆಗಳಲ್ಲಿ. ಬರೀ ನಂಟು ಇದ್ದದ್ದನ್ನು ಕಾರಣ ಎನ್ನುವ ಮಟ್ಟಕ್ಕೆ ಏರಿಸಿದ್ದು ಶೇ 33ರಷ್ಟರಲ್ಲಿ. ಪ್ರಾಣಿಗಳ ಮೇಲಿನ ಪ್ರಯೋಗವನ್ನು ಮನುಷ್ಯರಿಗೆ ಹಿಗ್ಗಿಸಿದ್ದು ಶೇ 36ರಷ್ಟರಲ್ಲಿ. ಪ್ರಕಟಣೆಯಲ್ಲಿ ಉತ್ಪ್ರೇಕ್ಷೆ ಇದ್ದಾಗ ಸುದ್ದಿಯಲ್ಲೂ ಅದು ಉಳಿದದ್ದು ಕ್ರಮವಾಗಿ ಶೇ 58, 81 ಮತ್ತು 86 ಬಾರಿ. ಇಲ್ಲದಾಗ ಶೇ 17, 18 ಮತ್ತು 10 ಬಾರಿ. ‘ಪತ್ರಿಕೆಯವರು ಮಸಾಲೆ ಹಚ್ಚುತ್ತಾರೆ’ ಎಂದು ದೂರುವ ಮೊದಲು ಈ ಅಂಕಿಗಳನ್ನು ನೆನಪಿಡಬೇಕು. ಮಸಾಲೆ ಬಹಳ ಸಲ ಮೂಲದಲ್ಲೇ ಬಿದ್ದಿರುತ್ತದೆ. ಹಾಗೆ ಹಿಗ್ಗಿಸಿ ಬರೆದದ್ದರಿಂದ ಹೆಚ್ಚು ಪತ್ರಿಕೆಗಳು ಸುದ್ದಿ ಮಾಡಿದವು ಎನ್ನಲು ಆ ಅಧ್ಯಯನಕ್ಕೆ ಗಟ್ಟಿ ಆಧಾರವೂ ಸಿಗಲಿಲ್ಲ.

ಹಾಗೆಂದು ಪ್ರಕಟಣೆಯನ್ನು ಮುಟ್ಟಲೇಬಾರದು ಎಂದೇನಿಲ್ಲ. ಗಗನನೌಕೆ ಇಳಿಯಿತು, ಹೊಸ ಉಪಕರಣ ಕೆಲಸ ಆರಂಭಿಸಿತು, ಹೊಸ ಚಿತ್ರ ಬಂತು ಎಂಬಂಥ ಘಟನೆಗಳಿಗೆ ಸಂಸ್ಥೆಯ ಪ್ರಕಟಣೆಯೇ ಒಳ್ಳೆಯ ಮೂಲ. ಒಂದು ಫಲಿತಾಂಶಕ್ಕೆ ಅರ್ಥ ಹೇಳುವ ಪ್ರಕಟಣೆಯಾದರೆ ಅದನ್ನು ಒಂಟಿಯಾಗಿ ಹಂಚಬೇಡಿ. ಪ್ರಬಂಧವೇ ಇಲ್ಲದೆ ಬಂದ ಘೋಷಣೆಯಾದರಂತೂ ಇನ್ನಷ್ಟು ಎಚ್ಚರ ಬೇಕು. 2025ರ ಏಪ್ರಿಲ್‌ನಲ್ಲಿ ಕೊಲೊಸಲ್ ಬಯೋಸೈನ್ಸಸ್ ಕಂಪನಿ, ಅಳಿದುಹೋದ ‘ಡೈರ್ ವುಲ್ಫ್’ ತೋಳವನ್ನು ಮರಳಿ ತಂದಿದ್ದೇವೆ ಎಂದಿತು. ಬೂದು ತೋಳದ ಜೀವಕೋಶಗಳ 14 ಜೀನ್‌ಗಳಲ್ಲಿ 20 ಬದಲಾವಣೆ ಮಾಡಿ ಹುಟ್ಟಿಸಿದ ಮರಿಗಳವು. ಘೋಷಣೆಯ ದಿನ ಆ ಮರಿಗಳ ಬಗ್ಗೆ ಓದಲು ಪ್ರಬಂಧ ಇರಲಿಲ್ಲ. ‘20 ಬದಲಾವಣೆ ಮಾಡಿದ ಬೂದು ತೋಳವನ್ನು ಡೈರ್ ವುಲ್ಫ್ ಎನ್ನಬಹುದೇ?’ ಎಂದು ಕೇಳಿ ಹಂಚಿದ್ದರೆ ಅದೇ ಒಂದು ಸೊಗಸಾದ ಚರ್ಚೆ. ‘ಅಳಿದ ಪ್ರಾಣಿ ಮರಳಿತು’ ಎಂದು ಹಂಚಿದರೆ ಕಂಪನಿಯ ಮಾತನ್ನು ಪುಕ್ಕಟೆ ಸಾರಿದಂತಾಯಿತು.

ಪ್ರೀಪ್ರಿಂಟ್: ತಾಜಾ, ತೆರೆದ ಬಾಗಿಲು, ಪರೀಕ್ಷೆ ಇನ್ನೂ ಬಾಕಿ

ಪ್ರೀಪ್ರಿಂಟ್ ಎಂದರೆ ಬೇರೆ ತಜ್ಞರ ಪರಿಶೀಲನೆಗೆ ಮೊದಲೇ ಸಾರ್ವಜನಿಕವಾಗಿ ಇಟ್ಟ ಪ್ರಬಂಧ. ಭೌತವಿಜ್ಞಾನಿ ಪಾಲ್ ಗಿನ್ಸ್‌ಪಾರ್ಗ್ 1991ರಲ್ಲಿ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಶುರುಮಾಡಿದ ಆರ್ಕೈವ್ ಎಂಬ ಪ್ರಬಂಧ ಸಂಗ್ರಹ ಈ ಪದ್ಧತಿಗೆ ಬುನಾದಿ. ಜೀವವಿಜ್ಞಾನಕ್ಕೆ ಬಯೋಆರ್ಕೈವ್ 2013ರಲ್ಲಿ, ವೈದ್ಯಕೀಯಕ್ಕೆ ಮೆಡ್‌ಆರ್ಕೈವ್ 2019ರಲ್ಲಿ ಬಂದವು. ಎಲ್ಲವೂ ಉಚಿತ. ಆರ್ಕೈವ್‌ನ ಪ್ರಬಂಧ ಸಂಖ್ಯೆಯ ಮೊದಲ ನಾಲ್ಕು ಅಂಕಿಗಳೇ ವರ್ಷ ಮತ್ತು ತಿಂಗಳು ಹೇಳುತ್ತವೆ. 2307 ಎಂದಿದ್ದರೆ 2023ರ ಜುಲೈ. ಕೊನೆಯಲ್ಲಿ ‘ವಿ2’, ‘ವಿ3’ ಎಂದಿದ್ದರೆ ಲೇಖಕರು ತಿದ್ದಿದ ಆವೃತ್ತಿಗಳು ಬಂದಿವೆ ಎಂದರ್ಥ. ಹಂಚುವ ಮುನ್ನ ಹೊಸ ಆವೃತ್ತಿ ಇದೆಯೇ ಎಂದು ನೋಡಲು ಅರ್ಧ ನಿಮಿಷ ಸಾಕು.

2307ರಿಂದ ಶುರುವಾಗುವ ಎರಡು ಪ್ರೀಪ್ರಿಂಟ್‌ಗಳು ಆ ತಿಂಗಳು ಜಗತ್ತನ್ನೇ ಅಲ್ಲಾಡಿಸಿದವು. ಎಲ್‌ಕೆ-99 ಎಂಬ ವಸ್ತು ಸಾಮಾನ್ಯ ಒತ್ತಡದಲ್ಲಿ, ಕೋಣೆಯ ಉಷ್ಣಾಂಶದಲ್ಲಿ ಮಾತ್ರವಲ್ಲ 127 ಡಿಗ್ರಿ ಸೆಲ್ಸಿಯಸ್‌ವರೆಗೂ ವಿದ್ಯುತ್ತಿಗೆ ಯಾವ ರೋಧವನ್ನೂ ಒಡ್ಡದ ಅತಿವಾಹಕವಾಗಿರುತ್ತದೆ ಎಂದು ದಕ್ಷಿಣ ಕೊರಿಯಾದ ತಂಡ ಹೇಳಿತ್ತು. ಆಯಸ್ಕಾಂತದ ಮೇಲೆ ಒಂದು ಚೂರು ಅರೆಬರೆ ತೇಲುತ್ತಿರುವ ವಿಡಿಯೊ ಅದಕ್ಕಿಂತ ವೇಗವಾಗಿ ಹಬ್ಬಿತು. ಈಗ ನೋಡಿ, ಒಂದೇ ಶೋಧದ ಎರಡು ಲಿಂಕುಗಳು ಏನು ಮಾಡಿದವು ಎಂದು. ವಿಡಿಯೊ ನೋಡಿದವರಿಗೆ ನಂಬು ಇಲ್ಲವೇ ಬಿಡು ಎಂಬ ಎರಡೇ ದಾರಿ ಉಳಿದವು. ಪ್ರೀಪ್ರಿಂಟ್ ಓದಿದವರ ಕೈಗೆ ತಯಾರಿಕೆಯ ವಿಧಾನ ಸಿಕ್ಕಿತು, ರೋಧದ ನಕ್ಷೆ ಸಿಕ್ಕಿತು. ಆ ನಕ್ಷೆಯಲ್ಲಿ ರೋಧ ದಿಢೀರನೆ ಕುಸಿದದ್ದು ಸುಮಾರು 104 ಡಿಗ್ರಿಯ ಆಸುಪಾಸಿನಲ್ಲಿ. ಇಲಿನಾಯ್ ವಿಶ್ವವಿದ್ಯಾಲಯದ ರಸಾಯನವಿಜ್ಞಾನಿ ಪ್ರಶಾಂತ್ ಜೈನ್ ಅವರಿಗೆ ಆ ಸಂಖ್ಯೆ ಪರಿಚಿತ. ತಾಮ್ರದ ಸಲ್ಫೈಡ್ ತನ್ನ ರಚನೆ ಬದಲಿಸುವುದು ಅದೇ ಉಷ್ಣಾಂಶದಲ್ಲಿ, ಮತ್ತು ಎಲ್‌ಕೆ-99 ತಯಾರಿಸುವಾಗ ಉಪ ಉತ್ಪನ್ನವಾಗಿ ಬರುವುದೂ ತಾಮ್ರದ ಸಲ್ಫೈಡೇ. ಅಂದರೆ ಆ ಕುಸಿತ ಈ ಕಲ್ಮಶದ್ದು. ಅದಿಲ್ಲದ ಎಲ್‌ಕೆ-99 ಹರಳುಗಳನ್ನು ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯೊಂದರ ವಿಜ್ಞಾನಿಗಳು ಬೆಳೆಸಿ ನೋಡಿದರೆ ಅವು ವಿದ್ಯುತ್ತನ್ನೇ ಹರಿಯಬಿಡದ ಅವಾಹಕಗಳು. ಆಗಸ್ಟ್ ಮಧ್ಯದ ಹೊತ್ತಿಗೆ ಒಗಟು ಬಿಡಿಸಿಯಾಗಿತ್ತು.

ಈ ಪ್ರಸಂಗವನ್ನು ಪ್ರೀಪ್ರಿಂಟ್‌ಗಳ ಸೋಲು ಎನ್ನುವವರಿದ್ದಾರೆ. ನನಗೆ ಅದು ಅವುಗಳ ಗೆಲುವು ಅನ್ನಿಸುತ್ತದೆ. ತಪ್ಪನ್ನು ಕೆಲವೇ ವಾರಗಳಲ್ಲಿ ಹಿಡಿಯಲು ಸಾಧ್ಯವಾದದ್ದು ಎಲ್ಲವನ್ನೂ ತೆರೆದಿಟ್ಟಿದ್ದರಿಂದಲೇ. 2011ರ ಸೆಪ್ಟೆಂಬರ್‌ನಲ್ಲಿ ಒಪೆರಾ ಪ್ರಯೋಗದವರು, ಸರ್ನ್‌ನಿಂದ 730 ಕಿಲೋಮೀಟರ್ ದೂರದ, ಇಟಲಿಯ ಗ್ರಾನ್ ಸಾಸೊ ಪ್ರಯೋಗಾಲಯಕ್ಕೆ ಹೊರಟ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳು ಬೆಳಕಿಗಿಂತ ಸುಮಾರು 60 ನ್ಯಾನೊಸೆಕೆಂಡ್ ಮೊದಲೇ ತಲುಪಿದಂತೆ ಕಾಣುತ್ತಿದೆ ಎಂದು ಪ್ರೀಪ್ರಿಂಟ್ ಹಾಕಿದ್ದೂ ಹೀಗೆಯೇ, ಬೇರೆಯವರು ಪರಿಶೀಲಿಸಲಿ ಎಂದು. ಮರುವರ್ಷ ಸರಿಯಾಗಿ ಕೂಡಿಸದ ಒಂದು ಆಪ್ಟಿಕಲ್ ಫೈಬರ್ ಕೇಬಲ್ ಮುಖ್ಯ ಕಾರಣವೆಂದು ಗೊತ್ತಾಯಿತು. ‘ಐನ್‌ಸ್ಟೈನ್ ತಪ್ಪು’ ಎಂದು ಸಾರಿದ್ದು ಆ ತಂಡವಲ್ಲ, ಹಂಚಿದವರು.

ಹಾಗಾದರೆ ಪ್ರೀಪ್ರಿಂಟ್ ಯಾವಾಗ? ಕುತೂಹಲದ ವಿಷಯಗಳಲ್ಲಿ, ಅಂದರೆ ಖಗೋಳ, ಕಣಭೌತ, ಗಣಿತ, ಪಳೆಯುಳಿಕೆ ಇಂಥವುಗಳಲ್ಲಿ, ‘ಇನ್ನೂ ಪರಿಶೀಲನೆ ಆಗಿಲ್ಲ’ ಎಂಬ ಮಾತನ್ನು ಮೊದಲ ಸಾಲಿನಲ್ಲೇ ಬರೆದು ಧಾರಾಳವಾಗಿ ಹಂಚಿ. ಔಷಧಿ, ಲಸಿಕೆ, ಆಹಾರ, ಮಕ್ಕಳ ಆರೋಗ್ಯದ ವಿಷಯವಾದರೆ ಸಾರ್ವಜನಿಕವಾಗಿ ಹಂಚಬೇಡಿ. ಆ ಫಲಿತಾಂಶವನ್ನು ಓದಿ ಯಾರೋ ಒಬ್ಬರು ಮಾತ್ರೆ ನಿಲ್ಲಿಸುವ ಸಾಧ್ಯತೆ ಇದೆ. ಚಿಕಿತ್ಸೆಗೆ ಇದನ್ನು ಆಧಾರವಾಗಿ ಬಳಸಬೇಡಿ ಎಂದು ಮೆಡ್‌ಆರ್ಕೈವ್ ತಾನೇ ಎಚ್ಚರಿಕೆ ಹಾಕಿರುವುದು ಅದಕ್ಕೇ.

ಪ್ರಕಟವಾದ ಪ್ರಬಂಧ: ಬೇರು ಇಲ್ಲಿದೆ, ಆದರೆ ಪ್ರಕಟವಾಯಿತೆಂದರೆ ಮುಗಿಯಿತು ಎಂದಲ್ಲ

ಪ್ರಬಂಧದ ಲಿಂಕ್ ಹಾಕುವುದರ ದೊಡ್ಡ ಲಾಭ, ಜಗಳ ಬಂದಾಗ ಎಲ್ಲರೂ ಒಂದೇ ಪುಟಕ್ಕೆ ಬೆರಳು ತೋರಿಸಬಹುದು. ವೆಬ್ ವಿಳಾಸದ ಬದಲು ಪ್ರಬಂಧದ ಖಾಯಂ ಗುರುತಾದ ಡಿಒಐ ಸಂಖ್ಯೆ ಕೊಡಿ. ನಿಯತಕಾಲಿಕದ ಜಾಲತಾಣ ಬದಲಾದರೂ ಆ ಸಂಖ್ಯೆ ಸರಿಯಾದ ಜಾಗಕ್ಕೆ ಕರೆದೊಯ್ಯುತ್ತದೆ. ಹಣದ ಗೋಡೆ ಅಡ್ಡಬಂದರೆ ಅನ್‌ಪೇವಾಲ್ ಎಂಬ ಉಚಿತ ಬ್ರೌಸರ್ ಸಾಧನ ಕಾನೂನುಬದ್ಧವಾಗಿ ಸಿಗುವ ಪ್ರತಿ ಎಲ್ಲಾದರೂ ಇದೆಯೇ ಎಂದು ಹುಡುಕಿಕೊಡುತ್ತದೆ. ವೈದ್ಯಕೀಯ ಪ್ರಬಂಧಗಳಿಗೆ ಪಬ್‌ಮೆಡ್ ಸೆಂಟ್ರಲ್ ಎಂಬ ಉಚಿತ ಸಂಗ್ರಹ ಇದೆ. ಲೇಖಕರಿಗೆ ಒಂದು ಇಮೇಲ್ ಬರೆದರೂ ಬಹಳಷ್ಟು ಜನ ಸಂತೋಷದಿಂದ ಕಳಿಸುತ್ತಾರೆ.

ಇಡೀ ಪ್ರಬಂಧ ಅರ್ಥವಾಗಬೇಕೆಂದಿಲ್ಲ. ಸಾರಾಂಶ ಓದಿ, ಆಮೇಲೆ ನೇರವಾಗಿ ಕೊನೆಯ ಭಾಗಕ್ಕೆ ಹೋಗಿ. ಅಧ್ಯಯನದ ಮಿತಿಗಳನ್ನು ಲೇಖಕರೇ ಒಪ್ಪಿಕೊಳ್ಳುವ ಒಂದು ಪ್ಯಾರಾ ಅಲ್ಲಿ ಇರುತ್ತದೆ, ಪ್ರಕಟಣೆಯಲ್ಲಿ ಕಾಣೆಯಾಗುವುದು ಬಹುಮಟ್ಟಿಗೆ ಅದೇ. ಎಷ್ಟು ಜನರ ಮೇಲೆ ಮಾಡಿದ್ದು, ಮನುಷ್ಯರ ಮೇಲೋ ಇಲಿಗಳ ಮೇಲೋ, ಹಣ ಕೊಟ್ಟವರು ಯಾರು ಎಂಬುದನ್ನು ನೋಡಿ. ಇಲಿಗಳ ವಿಷಯವನ್ನಂತೂ ಎಷ್ಟು ಸಲ ಹೇಳಿದರೂ ಸಾಲದು. ವಿಜ್ಞಾನಿ ಜೇಮ್ಸ್ ಹೆದರ್ಸ್ 2019ರಲ್ಲಿ ಟ್ವಿಟರ್‌ನಲ್ಲಿ ಒಂದು ಖಾತೆ ತೆರೆದು, ಆರೋಗ್ಯ ಸುದ್ದಿಗಳ ಲಿಂಕ್ ಮೇಲೆ ‘ಇಲಿಗಳಲ್ಲಿ’ ಎಂಬ ಒಂದೇ ಪದ ಸೇರಿಸಿ ಮರುಹಂಚಲು ತೊಡಗಿದರು. ತಲೆಬರಹದ ಅರ್ಥವೇ ಬದಲಾಗುತ್ತಿತ್ತು.

ಪ್ರಕಟವಾಯಿತು ಎಂಬುದಷ್ಟೇ ಯಾಕೆ ಸಾಲದು ಎನ್ನುವುದಕ್ಕೆ 2015ರ ಚಾಕೊಲೇಟ್ ಪ್ರಕರಣ ಸಾಕ್ಷಿ. ಪತ್ರಕರ್ತ ಜಾನ್ ಬೊಹಾನನ್ ಮತ್ತು ಜೊತೆಗಾರರು ಬೇಕೆಂದೇ ದುರ್ಬಲವಾಗಿ ರೂಪಿಸಿದ, ಆದರೆ ನಿಜವಾಗಿ ನಡೆಸಿದ ಪ್ರಯೋಗ ಅದು. 15 ಜನರನ್ನು ಮೂರು ಗುಂಪು ಮಾಡಿ, 18 ಬಗೆಯ ಅಳತೆ ತೆಗೆದು, ಚಾಕೊಲೇಟ್ ತಿಂದವರು ಬೇಗ ತೂಕ ಇಳಿಸಿದರು ಎಂದು ಒಂದು ನಿಯತಕಾಲಿಕದಲ್ಲಿ ಪ್ರಕಟಿಸಿದರು. ಹಲವು ದೇಶಗಳ ಪತ್ರಿಕೆಗಳು ಅದನ್ನು ಹಾಗೆಯೇ ಎತ್ತಿಕೊಂಡವು. ಗುಟ್ಟು ಆ 18ರಲ್ಲಿದೆ. ಪ್ರತಿ ಅಳತೆಯಲ್ಲೂ ಆಕಸ್ಮಿಕವಾಗಿ ‘ಪರಿಣಾಮ ಇದೆ’ ಎಂದು ಕಾಣುವ ಸಾಧ್ಯತೆ ಶೇ 5 ಎಂದಿಟ್ಟುಕೊಳ್ಳಿ. ಅಳತೆಗಳು ಒಂದಕ್ಕೊಂದು ಸಂಬಂಧವಿಲ್ಲದವಾದರೆ, 18ರಲ್ಲಿ ಒಂದಾದರೂ ಹಾಗೆ ಕಾಣುವ ಸಾಧ್ಯತೆ ಶೇ 60ರಷ್ಟಾಗುತ್ತದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತಾಯಿತು ಅದನ್ನು ಹಂಚಿದವರ ಪಾಡು.

ಸುದ್ದಿ ವರದಿ: ಒಳ್ಳೆಯದು ಸಿಕ್ಕರೆ ಇದೇ ಮೊದಲ ಆಯ್ಕೆ

ವಿಜ್ಞಾನ ಓದುವ ಅಭ್ಯಾಸವಿಲ್ಲದವರೂ ಇರುವ ಕಡೆ ಹಂಚುವುದಾದರೆ ನನ್ನ ಮೊದಲ ಆಯ್ಕೆ ಒಳ್ಳೆಯ ವರದಿ, ಕೆಳಗೆ ಪ್ರಬಂಧದ ಲಿಂಕ್. ಒಳ್ಳೆಯದು ಎಂದು ಗುರುತಿಸಲು ಪತ್ರಿಕೆಯ ಹೆಸರು ನೋಡುವುದಕ್ಕಿಂತ ವರದಿಯೊಳಗೆ ಒಬ್ಬರನ್ನು ಹುಡುಕುವುದು ಮೇಲು. ಆ ಸಂಶೋಧನೆಯಲ್ಲಿ ಪಾಲ್ಗೊಳ್ಳದ ತಜ್ಞರೊಬ್ಬರ ಮಾತು ಇದೆಯೇ? ಇದ್ದರೆ ವರದಿಗಾರರು ಪ್ರಕಟಣೆಯಾಚೆ ಹೆಜ್ಜೆ ಇಟ್ಟಿದ್ದಾರೆ ಎಂದಾಯಿತು. ಕೆ2-18ಬಿ ಬಗ್ಗೆ ಬಂದ ವರದಿಗಳನ್ನು ಬೇರ್ಪಡಿಸಲು ಈ ಒಂದು ಪರೀಕ್ಷೆಯೇ ಸಾಕಾಗಿತ್ತು. ಮೂಲ ಪ್ರಬಂಧಕ್ಕೆ ಲಿಂಕ್ ಕೊಟ್ಟಿದ್ದಾರೆಯೇ ಎಂಬುದು ಇನ್ನೊಂದು ಗುರುತು.

ಆರೋಗ್ಯದ ವರದಿಯಾದರೆ ಶೇಕಡಾವಾರು ಅಂಕಿ ಯಾವುದರ ಮೇಲಿನದು ಎಂದು ಕೇಳಿ. 2015ರ ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ದಿನಕ್ಕೆ 50 ಗ್ರಾಂ ಸಂಸ್ಕರಿತ ಮಾಂಸ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಶೇ 18ರಷ್ಟು ಹೆಚ್ಚುತ್ತದೆ ಎಂದಿತು. ತಲೆಬರಹದಲ್ಲಿ 18 ಎಂಬುದಷ್ಟೇ ಕಂಡರೆ, 100 ಜನರಲ್ಲಿ 18 ಜನಕ್ಕೆ ಹೆಚ್ಚುವರಿಯಾಗಿ ಕ್ಯಾನ್ಸರ್ ಬರುತ್ತದೆ ಎಂದು ಓದುವುದು ಸಹಜ. ಒಂದು ಸಮುದಾಯದಲ್ಲಿ 100 ಜನರಲ್ಲಿ 6 ಜನಕ್ಕೆ ಜೀವಮಾನದಲ್ಲಿ ಈ ಕ್ಯಾನ್ಸರ್ ಬರುತ್ತಿದ್ದರೆ, ಶೇ 18ರ ಏರಿಕೆಯಿಂದ ಅದು ಸುಮಾರು 7 ಆಗುತ್ತದೆ. ಶೇ 18ರ ಏರಿಕೆ ಎಂಬುದೂ, 100ರಲ್ಲಿ 6 ಇದ್ದದ್ದು 7 ಆಯಿತು ಎಂಬುದೂ ಎರಡೂ ಸತ್ಯವೇ. ಯಾವುದನ್ನು ಹಂಚಬೇಕು ಎಂದರೆ ಎರಡನ್ನೂ ಹೇಳುವ ವರದಿಯನ್ನು.

ತಲೆಬರಹವನ್ನು ಸಾಮಾನ್ಯವಾಗಿ ವರದಿಗಾರರು ಬರೆದಿರುವುದಿಲ್ಲ, ಅದು ಕಚೇರಿಯಲ್ಲಿ ಕೂತ ಸಂಪಾದಕರ ಕೆಲಸ. ಒಳಗಿನ ಬರಹ ಚೆನ್ನಾಗಿದ್ದು ತಲೆಬರಹ ಅತಿಯಾಗಿದ್ದರೆ ಬರಹವನ್ನು ಬಿಡಬೇಡಿ. ಲಿಂಕಿನ ಮೇಲೆ ನಿಮ್ಮದೇ ಒಂದು ಸಾಲು ಬರೆಯಿರಿ.

ವಿಡಿಯೊ, ಚಿತ್ರ, ಸ್ಕ್ರೀನ್‌ಶಾಟ್

ವಿಡಿಯೊದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಪರಿಕಲ್ಪನೆಯನ್ನು ತಿಳಿಸಲು ಅದಕ್ಕಿಂತ ಒಳ್ಳೆಯದಿಲ್ಲ. ನಿನ್ನೆ ಬಂದ ಶೋಧದ ಸತ್ಯಾಸತ್ಯ ಚರ್ಚಿಸಲು ಅದರಷ್ಟು ಕಷ್ಟದ್ದೂ ಇಲ್ಲ. ಹಂಚುವುದಾದರೆ ಯಾವ ನಿಮಿಷದಿಂದ ನೋಡಬೇಕು ಎಂದು ಬರೆಯಿರಿ, ವಿವರಣೆಯಲ್ಲಿ ಮೂಲಗಳನ್ನು ಕೊಟ್ಟವರದ್ದನ್ನೇ ಆರಿಸಿ.

ಚಿತ್ರಗಳಲ್ಲಿ ಮೂರು ಜಾತಿ ಇವೆ, ಹಂಚುವಾಗ ಮೂರೂ ಕಲಸಿಹೋಗುತ್ತವೆ. ಕಲಾವಿದರ ಕಲ್ಪನೆ ಒಂದು. ಕೆ2-18ಬಿಯ ಚೆಲುವಾದ ಚಿತ್ರಗಳೆಲ್ಲ ಈ ಜಾತಿಯವು. ಆ ಗ್ರಹದ ಮೇಲ್ಮೈಯನ್ನು ಯಾವ ದೂರದರ್ಶಕವೂ ಕಂಡಿಲ್ಲ. ಇನ್ನೊಂದು, ನಿಜವಾದ ದತ್ತಾಂಶಕ್ಕೆ ಬಣ್ಣ ಕೊಟ್ಟದ್ದು. 2019ರ ಏಪ್ರಿಲ್ 10ರಂದು ಬಂದ ಎಂ87 ಗೆಲಾಕ್ಸಿಯ ಕಪ್ಪುಕುಳಿಯ ಚಿತ್ರ 1.3 ಮಿಲಿಮೀಟರ್ ತರಂಗಾಂತರದ ರೇಡಿಯೊ ಅಲೆಗಳಿಂದ ಕಟ್ಟಿದ್ದು, ಅದರ ಕಿತ್ತಳೆ ಬಣ್ಣ ವಿಜ್ಞಾನಿಗಳ ಆಯ್ಕೆ. ಜೇಮ್ಸ್ ವೆಬ್ ನೋಡುವುದು ಹೆಚ್ಚಾಗಿ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು, ಅದರಲ್ಲಿ ಉದ್ದ ತರಂಗಾಂತರಕ್ಕೆ ಕೆಂಪು, ಗಿಡ್ಡದಕ್ಕೆ ನೀಲಿ ಕೊಡುವುದು ರೂಢಿ. ಇದು ಮೋಸವಲ್ಲ, ಹೇಳದಿದ್ದರೆ ಮಾತ್ರ ತಪ್ಪು ಕಲ್ಪನೆ. ಮೂರನೆಯದು ಸಾಮಾನ್ಯ ಫೋಟೊ. ಯಾವ ಜಾತಿ ಎಂದು ಮೂಲ ಪುಟದ ಅಡಿಬರಹ ಹೇಳುತ್ತದೆ. ಚಿತ್ರವನ್ನು ಡೌನ್‌ಲೋಡ್ ಮಾಡಿ ಕಳಿಸಿದಾಗ ಕಳೆದುಹೋಗುವುದೂ ಆ ಅಡಿಬರಹವೇ. ಆದ್ದರಿಂದ ಮೂಲ ಪುಟದ ಲಿಂಕ್ ಕಳಿಸಿ, ಇಲ್ಲವೇ ಅಡಿಬರಹವನ್ನು ನಕಲು ಮಾಡಿ ಜೊತೆಗಿಡಿ. ಚಿತ್ರ ಯಾರದ್ದು ಎಂಬ ಹೆಸರೂ ಅಲ್ಲೇ ಇರುತ್ತದೆ.

ತಲೆಬರಹದ ಸ್ಕ್ರೀನ್‌ಶಾಟನ್ನು ನಾನು ಯಾವ ಸಂದರ್ಭಕ್ಕೂ ಶಿಫಾರಸು ಮಾಡುವುದಿಲ್ಲ. ಅದರಲ್ಲಿ ದಿನಾಂಕ ಇಲ್ಲ, ಒತ್ತಿ ಓದಲು ಲಿಂಕ್ ಇಲ್ಲ. ಮೂಲ ವರದಿಯನ್ನು ತಿದ್ದಿದರೂ ಚಿತ್ರ ತಿದ್ದಿಕೊಳ್ಳುವುದಿಲ್ಲ.

ಇವತ್ತೇ ಹಂಚಬೇಕೇ, ಒಂದು ವಾರ ಕಾಯಬೇಕೇ?

2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಸುಮಾರು 30 ಲಕ್ಷ ಜನ ಹಂಚಿದ 1,26,000ದಷ್ಟು ಸುದ್ದಿಗಳ ಹಾದಿ ಹಿಡಿದು ಹೋಗಿತ್ತು. ಸುಳ್ಳು ಸುದ್ದಿ ಮರುಹಂಚಿಕೆಯಾಗುವ ಸಾಧ್ಯತೆ ನಿಜಕ್ಕಿಂತ ಶೇ 70ರಷ್ಟು ಹೆಚ್ಚು, 1,500 ಜನರನ್ನು ತಲುಪಲು ನಿಜಕ್ಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಹೆಚ್ಚು ಸಮಯ ಬೇಕಾಯಿತು. ಕಾರಣಗಳಲ್ಲಿ ಒಂದು ಹೊಸತನ: ಸುಳ್ಳು ಹೆಚ್ಚು ಅಚ್ಚರಿಯದಾಗಿರುತ್ತದೆ. ಅಚ್ಚರಿಯೇ ನಮ್ಮನ್ನು ವಿಜ್ಞಾನದತ್ತ ಸೆಳೆಯುವುದೂ ಆದ್ದರಿಂದ, ಕೈ ತುರಿಸಿದಾಗಲೇ ಒಂದು ಕ್ಷಣ ತಡೆಯಬೇಕಾಗಿದೆ.

ಆದರೆ ಎಲ್ಲದಕ್ಕೂ ಕಾಯುವುದು ಸರಿಯಲ್ಲ. ನಡೆಯುತ್ತಿರುವ ವಿಜ್ಞಾನವನ್ನು ಜೊತೆಗೂಡಿ ನೋಡುವ ಸುಖವೇ ಬೇರೆ. 2024 ವೈಆರ್4 ಕ್ಷುದ್ರಗ್ರಹದ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಅದು ಕಂಡದ್ದು 2024ರ ಡಿಸೆಂಬರ್ 27ರಂದು. 2032ರ ಡಿಸೆಂಬರ್ 22ರಂದು ಅದು ಭೂಮಿಗೆ ಡಿಕ್ಕಿ ಹೊಡೆಯುವ ಸಾಧ್ಯತೆ ಜನವರಿ ಕೊನೆಗೆ ಶೇ 1 ದಾಟಿತು, 2025ರ ಫೆಬ್ರುವರಿ 18ರಂದು ಶೇ 3.1ಕ್ಕೆ ಏರಿತು, ಅದೇ ತಿಂಗಳ ಕೊನೆಗೆ ಸೊನ್ನೆಯ ಹತ್ತಿರಕ್ಕೆ ಇಳಿಯಿತು. ‘ವಿಜ್ಞಾನಿಗಳು ದಿನಕ್ಕೊಂದು ಹೇಳುತ್ತಾರೆ’ ಎಂದು ಮೂಗು ಮುರಿದವರಿದ್ದರು. ಆ ಏರಿಳಿತಕ್ಕೆ ಸರಳ ಕಾರಣವಿದೆ. ಕ್ಷುದ್ರಗ್ರಹ ಹಾದುಹೋಗಬಹುದಾದ ಜಾಗಗಳು ಮೊದಮೊದಲು ಒಂದು ಉದ್ದನೆಯ ಪಟ್ಟಿಯಂತೆ ಹರಡಿರುತ್ತವೆ. ಹೊಸ ವೀಕ್ಷಣೆ ಸೇರಿದ ಹಾಗೆಲ್ಲ ಪಟ್ಟಿ ಕುಗ್ಗುತ್ತದೆ. ಭೂಮಿ ಇನ್ನೂ ಆ ಪಟ್ಟಿಯೊಳಗೇ ಇರುವವರೆಗೆ, ಪಟ್ಟಿಯಲ್ಲಿ ಭೂಮಿಯ ಪಾಲು ದೊಡ್ಡದಾಗುತ್ತಾ ಹೋಗುತ್ತದೆ, ಅಂದರೆ ಸಾಧ್ಯತೆ ಏರುತ್ತದೆ. ಪಟ್ಟಿಯ ತುದಿ ಭೂಮಿಯನ್ನು ದಾಟಿ ಆಚೆ ಸರಿದ ದಿನ ಅದು ತಟ್ಟನೆ ಬೀಳುತ್ತದೆ. ಇದನ್ನು ತಿಳಿಸಿ, ಪ್ರತಿ ಅಂಕಿಯ ಜೊತೆ ದಿನಾಂಕ ಹಾಕಿ, ಅದೇ ದಿನ ಹಂಚಿದವರು ಓದುಗರಿಗೆ ಉಪಕಾರ ಮಾಡಿದರು.

ಹಾಗಾಗಿ ನನ್ನ ವಿಂಗಡಣೆ ಹೀಗಿದೆ: ಅಂಕಿ ಬದಲಾಗುತ್ತದೆ ಎಂದು ಎಲ್ಲರಿಗೂ ಗೊತ್ತಿರುವ, ನಡೆಯುತ್ತಿರುವ ಘಟನೆಯಾದರೆ ಇವತ್ತೇ. ಪಠ್ಯಪುಸ್ತಕವನ್ನು ಬುಡಮೇಲು ಮಾಡುವ ಹೇಳಿಕೆಯಾದರೆ ಒಂದು ವಾರ, ಬೇರೆ ಪರಿಣತರು ಓದಿ ಮಾತಾಡುವಷ್ಟು ಸಮಯ. ದೇಹಕ್ಕೆ, ಔಷಧಿಗೆ ಸಂಬಂಧಿಸಿದ್ದಾದರೆ ಹಿಂದಿನ ಅಧ್ಯಯನಗಳೆಲ್ಲ ಸೇರಿ ಏನು ಹೇಳುತ್ತವೆ ಎಂಬ ವಿಮರ್ಶಾ ಲೇಖನ ಸಿಗುವವರೆಗೆ.

ಎಲ್ಲಿ, ಮತ್ತು ಏನು ಬರೆದು?

ಜಾಗದ ಆಯ್ಕೆ ಸುಲಭ. ಚಾಟ್ ಗುಂಪಿನಲ್ಲಿ ಮಾತು ಬೇಗ ಮೇಲೆ ಸರಿದುಹೋಗುತ್ತದೆ, ಬೇರೆಡೆಗೆ ಫಾರ್ವರ್ಡ್ ಆದದ್ದನ್ನು ತಿದ್ದಲು ಆಗುವುದಿಲ್ಲ. ಅಲ್ಲಿಗೆ ಗಟ್ಟಿಯಾಗಿ ನೆಲೆನಿಂತ ಸಂಗತಿಗಳು, ಒಳ್ಳೆಯ ವಿವರಣೆಗಳು ಸರಿ. ಪ್ರತಿ ಉತ್ತರವೂ ತನ್ನ ಪ್ರಶ್ನೆಯ ಕೆಳಗೇ ಉಳಿಯುವ, ಮೂಲ ಬರಹವನ್ನು ಆಮೇಲೂ ತಿದ್ದಬಹುದಾದ ಜಾಗಗಳಿಗೆ ಪ್ರೀಪ್ರಿಂಟ್, ವಿವಾದದ ಫಲಿತಾಂಶಗಳು ಸರಿ.

ಲಿಂಕಿನ ಮೇಲೆ ಬರೆಯುವ ಮೂರು ಸಾಲುಗಳು ಜಾಗಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ. ಏನು ಕಂಡಿತು, ಎಷ್ಟು ಖಚಿತ, ಏನು ಇನ್ನೂ ಗೊತ್ತಿಲ್ಲ. ಕೆ2-18ಬಿಗೆ ನಾನು ಬರೆಯುವುದಾದರೆ ಹೀಗೆ:

‘124 ಜ್ಯೋತಿರ್ವರ್ಷ ದೂರದ ಗ್ರಹದ ವಾತಾವರಣದಲ್ಲಿ, ಭೂಮಿಯಲ್ಲಿ ಸಮುದ್ರದ ಸೂಕ್ಷ್ಮಜೀವಿಗಳು ತಯಾರಿಸುವ ಒಂದು ಅಣುವಿನ ಅಥವಾ ಅದನ್ನೇ ಹೋಲುವ ಇನ್ನೊಂದರ ಸುಳಿವು ಸಿಕ್ಕಿದೆ ಎಂದು ಒಂದು ತಂಡ ಹೇಳಿದೆ. 3 ಸಿಗ್ಮಾ ಮಟ್ಟದ ಸುಳಿವು, ಶೋಧ ಎನ್ನಲು ಸಾಲದು. ಜೀವಿಗಳಿಲ್ಲದೆಯೂ ಈ ಅಣು ಹುಟ್ಟಬಲ್ಲದು, ಹಾಗಾಗಿ ಅಲ್ಲಿ ಅದು ಇದ್ದರೂ ಹುಟ್ಟಿದ್ದು ಹೇಗೆ ಎಂಬ ಪ್ರಶ್ನೆ ತೆರೆದಿದೆ. ವರದಿ ಮೇಲಿದೆ, ಪ್ರಬಂಧ ಕೆಳಗಿದೆ. ವಾತಾವರಣದ ರೋಹಿತ ಓದಬಲ್ಲವರು ಇಲ್ಲಿದ್ದರೆ, ಎರಡು ಅಣುಗಳನ್ನು ಬೇರೆಬೇರೆಯಾಗಿ ಗುರುತಿಸುವುದು ಯಾಕೆ ಕಷ್ಟ ಎಂದು ತಿಳಿಸಿಕೊಡಿ.’

ಕೊನೆಯ ಸಾಲನ್ನು ಗಮನಿಸಿ. ‘ನಿಮಗೇನನ್ನಿಸುತ್ತದೆ?’ ಎಂದು ಕೇಳಿದರೆ ಅನಿಸಿಕೆಗಳು ಬರುತ್ತವೆ. ನಿರ್ದಿಷ್ಟವಾದ ಒಂದು ತೊಡಕನ್ನು ಎತ್ತಿ ಕೇಳಿದರೆ ಸುಮ್ಮನೆ ಓದಿಹೋಗುವ ತಜ್ಞರೂ ಬಾಯಿ ಬಿಡುತ್ತಾರೆ.

ಹಳೆಯ ಶೋಧವನ್ನು ಹಂಚುವಾಗ ಮಾಡಬೇಕಾದ ಕೆಲಸ ಇನ್ನೊಂದಿದೆ. 2010ರ ಡಿಸೆಂಬರ್‌ನಲ್ಲಿ ನಾಸಾದ ಪತ್ರಿಕಾಗೋಷ್ಠಿಯೊಂದಿಗೆ ಬಂದ ಜಿಎಫ್‌ಎಜೆ-1 ಬ್ಯಾಕ್ಟೀರಿಯಾ ನೆನಪಿರಬಹುದು. ಮೋನೊ ಸರೋವರದ ಈ ಜೀವಿ ಡಿಎನ್‌ಎಯಲ್ಲಿ ರಂಜಕದ ಬದಲು ಆರ್ಸೆನಿಕ್ ಬಳಸಬಲ್ಲದು ಎಂಬುದು ಆಗಿನ ಹೇಳಿಕೆ. ಕೆಲವೇ ದಿನಗಳಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ರೋಸಿ ರೆಡ್‌ಫೀಲ್ಡ್ ತಮ್ಮ ಬ್ಲಾಗಿನಲ್ಲಿ ಪ್ರಯೋಗದ ಕೊರತೆಗಳನ್ನು ಬಿಡಿಸಿಟ್ಟರು. 2011ರಲ್ಲಿ ಪ್ರಬಂಧ ಅಚ್ಚಾದಾಗ ಅದರ ಜೊತೆಗೇ ಎಂಟು ತಾಂತ್ರಿಕ ಆಕ್ಷೇಪಗಳು ಅಚ್ಚಾದವು, 2012ರಲ್ಲಿ ಎರಡು ತಂಡಗಳ ಪ್ರಯೋಗಗಳು ಆ ಹೇಳಿಕೆಯನ್ನು ಅಲ್ಲಗಳೆದವು. ಸೈನ್ಸ್ ಪತ್ರಿಕೆ ಪ್ರಬಂಧವನ್ನು ಹಿಂತೆಗೆದದ್ದು ಮಾತ್ರ 2025ರ ಜುಲೈನಲ್ಲಿ, ಲೇಖಕರ ವಿರೋಧದ ನಡುವೆ. ಹದಿನೈದು ವರ್ಷಗಳ ಹಿಂದಿನ ಸಂಭ್ರಮದ ವರದಿಗಳು ಹುಡುಕಿದರೆ ಈಗಲೂ ಸಿಗುತ್ತವೆ. ಆದ್ದರಿಂದ ಎರಡು ವರ್ಷಕ್ಕಿಂತ ಹಳೆಯದನ್ನು ಹಂಚುವ ಮುನ್ನ ಪ್ರಬಂಧದ ಪುಟವನ್ನೇ ತೆರೆದು ‘ಹಿಂತೆಗೆಯಲಾಗಿದೆ’ ಅಥವಾ ‘ತಿದ್ದುಪಡಿ’ ಎಂಬ ಸೂಚನೆ ಇದೆಯೇ ನೋಡಿ, ಹಿಂತೆಗೆದ ಪ್ರಬಂಧಗಳ ಲೆಕ್ಕ ಇಡುವ ರಿಟ್ರಾಕ್ಷನ್ ವಾಚ್‌ನ ದತ್ತಸಂಚಯದಲ್ಲಿ ಒಮ್ಮೆ ಹುಡುಕಿ.

ನೀವು ಈಗಾಗಲೇ ಹಂಚಿದ್ದು ಹೀಗೆ ಬಿದ್ದುಹೋದರೆ ಬರಹವನ್ನು ಅಳಿಸಬೇಡಿ. ಅಳಿಸಿದರೆ ಅದರ ಕೆಳಗಿನ ಒಳ್ಳೆಯ ಉತ್ತರಗಳೂ ಹೋಗುತ್ತವೆ, ಮೊದಲು ಓದಿದವರಿಗೆ ಏನಾಯಿತೆಂದು ತಿಳಿಯುವುದೂ ಇಲ್ಲ. ಮೊದಲ ಸಾಲಿನಲ್ಲೇ ದಿನಾಂಕ ಹಾಕಿ, ಏನು ಬದಲಾಯಿತು ಎಂದು ಬರೆದು, ಅದನ್ನು ತೋರಿಸಿಕೊಟ್ಟ ಹೊಸ ಪ್ರಬಂಧದ ಲಿಂಕ್ ಸೇರಿಸಿ.